ಒಂದರಿಂದ ಐದನೇ ತರಗತಿ ತೆರೆಯೋದು ಹೇಗೆ? ಕಿಟಕಿ, ಮಾಸ್ಕ್, ಬಿಸಿಯೂಟ, ವ್ಯಾನ್: ಎಲ್ಲ ಇಲ್ಲಿ ಮಾತಾಡೋಣ

ನಲಿಕಲಿ ಟೀಚರ್ (ಹಾವೇರಿ ಜಿಲ್ಲೆ)
7 ಅಕ್ಟೋಬರ್ 2021

ಎಲ್ಲರಿಗೂ ನಮಸ್ಕಾರ. ಕೊರೊನಾದಿಂದ ಮುಚ್ಚಿದ್ದ ಶಾಲೆಗಳಲ್ಲಿ ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡನೇ ತರಗತಿ ಶುರುವಾಯಿತು. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಒಂದರಿಂದ ಐದರ ಮಕ್ಕಳು ಮಾತ್ರ ಇನ್ನೂ ಮನೆಯಲ್ಲೇ ಇದ್ದಾರೆ. ದಸರಾ ಆದ ಮೇಲೆ ತೆರೆಯುತ್ತಾರೆ ಅನ್ನುವ ಮಾತು ಕೇಳಿಬರುತ್ತಿದೆ. ತೆರೆದರೆ ಹೇಗೆ ತೆರೆಯಬೇಕು ಅಂತ ಪೋಷಕರು, ಶಿಕ್ಷಕರು, ಡಾಕ್ಟರು ಎಲ್ಲರೂ ಸೇರಿ ಇಲ್ಲಿ ಮಾತಾಡಿದರೆ ಒಳ್ಳೆಯದು.

ನನ್ನ ನಿಲುವು ಮೊದಲೇ ಹೇಳುತ್ತೇನೆ. ಚಿಕ್ಕ ಮಕ್ಕಳಿಗೇ ಮೊದಲು ಶಾಲೆ ತೆರೆಯಬೇಕಿತ್ತು. ಇನ್ನು ಒಂದು ವಾರವೂ ತಡ ಮಾಡಬಾರದು. ಆದರೆ ತೆರೆಯುವಾಗ ದುಡ್ಡು, ಗಮನ ಎರಡೂ ಹೋಗಬೇಕಾದ್ದು ಸ್ಯಾನಿಟೈಸರ್ ಬಾಟಲಿಗಲ್ಲ. ಕೋಣೆಯ ಗಾಳಿಗೆ, ಮತ್ತೆ ನಮ್ಮಂಥ ದೊಡ್ಡವರ ಲಸಿಕೆಗೆ.

ನಾನು ಒಂದರಿಂದ ಮೂರನೇ ತರಗತಿಯ ನಲಿಕಲಿ ನೋಡಿಕೊಳ್ಳುವವಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಲಿಕಲಿಯಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ತಟ್ಟೆಗಳ (ಒಂದೊಂದು ಗುಂಪು ಕೂರುವ ಜಾಗದ ಗುರುತು) ಸುತ್ತ ಗುಂಪಾಗಿ ಕೂರುತ್ತಾರೆ. ಗೋಡೆಯಲ್ಲಿರುವ ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಚಾರ್ಟು) ನೋಡಿ ತಮ್ಮ ಮೆಟ್ಟಿಲಿನ ಕಾರ್ಡನ್ನು ತಾವೇ ಹುಡುಕಿಕೊಳ್ಳುತ್ತಾರೆ. ಒಂದು ಗುಂಪಿಗೆ ನಾನು ಕಲಿಸುತ್ತೇನೆ. ಇನ್ನೊಂದು ಗುಂಪಿನಲ್ಲಿ ಮೂರನೇ ತರಗತಿಯವನು ಒಂದನೇ ತರಗತಿಯವಳಿಗೆ ಹೇಳಿಕೊಡುತ್ತಾನೆ. ಇದು ಮೊಬೈಲಿನಲ್ಲಿ ಆಗುವ ಕೆಲಸವೇ ಅಲ್ಲ.

ಈಗ ಲೆಕ್ಕ ಹಾಕಿ. ಮೂರನೇ ತರಗತಿಯ ಮಕ್ಕಳು ಶಾಲೆ ಬಿಟ್ಟಿದ್ದು 2020ರ ಮಾರ್ಚ್‌ನಲ್ಲಿ, ಆಗ ಅವರು ಒಂದನೇ ತರಗತಿ. ಎರಡನೇ ತರಗತಿಯವರು ಶಾಲೆಯ ಕೋಣೆಯಲ್ಲಿ ಕೂತೇ ಇಲ್ಲ. ಒಂದನೇ ತರಗತಿಯವರ ಮಾತು ಬಿಡಿ. ಹೇಳಿಕೊಡಲು ಮೂರನೇ ತರಗತಿಯವನಿಗೇ ಅಕ್ಷರ ಮರೆತುಹೋಗಿದೆ. ನಲಿಕಲಿ ನಿಂತಿರುವುದೇ ಆ ಹುಡುಗನ ಮೇಲೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿ ಈ ಫೆಬ್ರವರಿಯಲ್ಲಿ ವರದಿ ಕೊಟ್ಟಿದ್ದಾರೆ. ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ನೂರಕ್ಕೆ 92 ಮಂದಿ, ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಕಳೆದುಕೊಂಡಿದ್ದರು. ಗಣಿತದಲ್ಲಿ 82 ಮಂದಿ. ಅದು ಎರಡನೇ ಅಲೆ ಬರುವ ಮುಂಚಿನ ಮಾತು.

ಹೋದ ವರ್ಷ ಆಗಸ್ಟ್‌ನಲ್ಲಿ ವಿದ್ಯಾಗಮ (ಮಕ್ಕಳಿರುವ ಕಡೆಗೇ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ) ಶುರುವಾದಾಗ ನಾವು ಜಗಲಿ, ಗುಡಿಯ ಅಂಗಳ, ಮರದ ಕಟ್ಟೆ ಎಲ್ಲ ಕಡೆ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ಬಂದ ಸುದ್ದಿ ಬಂತು, ಜನ ಹೆದರಿದರು, ಅದು ಸಹಜ. ಆದರೆ ಬಯಲಲ್ಲಿ ಕೂರಿಸಿದ್ದು ಸರಿಯಾದ ದಾರಿಯೇ ಆಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಗ ನಮಗೆ ಲಸಿಕೆ ಇರಲಿಲ್ಲ. ಈಗ ಇದೆ.

ಎಲ್ಲರೂ ಹೇಳಿ. ವಿರೋಧ ಇದ್ದವರೂ ಹೇಳಿ.

ಇಬ್ಬರು ಮಕ್ಕಳ ಅಮ್ಮ (ಬೆಂಗಳೂರು)
7 ಅಕ್ಟೋಬರ್

ಟೀಚರ್, ನೀವು ಬರೆದಿದ್ದು ಓದಿ ಬೇಜಾರಾಯಿತು. ಆದರೂ ನನ್ನ ಭಯ ಹೋಗಿಲ್ಲ. ನಮ್ಮ ಮನೆಯಲ್ಲಿ ಅತ್ತೆಗೆ ಶುಗರ್, ಬಿಪಿ ಎರಡೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಆಕ್ಸಿಜನ್ ಸಿಲಿಂಡರಿಗೆ ಜನ ಹೇಗೆ ಓಡಾಡಿದರು ಅಂತ ನೋಡಿದ್ದೇನೆ. ಎದುರು ಮನೆಯವರು ಹೋಗಿಬಿಟ್ಟರು. ಅದಾದ ಮೇಲೆ ಯಾರಾದರೂ "ಮಕ್ಕಳಿಗೆ ಏನೂ ಆಗಲ್ಲ ಬಿಡಿ" ಅಂದರೆ ನನಗೆ ಕೋಪ ಬರುತ್ತದೆ.

ದೊಡ್ಡವನು ಏಳನೇ ತರಗತಿ, ಅವನನ್ನು ಕಳಿಸುತ್ತಿದ್ದೇವೆ. ಚಿಕ್ಕವಳು ಎರಡನೇ ತರಗತಿ. ಮಾಸ್ಕ್ ಅವಳ ಗದ್ದದ ಕೆಳಗೇ ಇರುತ್ತದೆ. ಪಕ್ಕದವಳ ಮಾಸ್ಕ್ ಚೆನ್ನಾಗಿದೆ ಅಂತ ಬದಲಾಯಿಸಿಕೊಂಡೂ ಬಿಡುತ್ತಾಳೆ. ಮಕ್ಕಳಿಗೆ ಲಸಿಕೆ ಇಲ್ಲ. ಶಾಲೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಜವಾಬ್ದಾರಿ ನಮ್ಮ ತಲೆಗೆ ಕಟ್ಟುತ್ತಾರೆ. ಲಸಿಕೆ ಬರುವವರೆಗೆ ಕಾದರೆ ಏನು ತಪ್ಪು?

ಪಿಎಚ್‌ಸಿ ಡಾಕ್ಟರ್
8 ಅಕ್ಟೋಬರ್

ಅಮ್ಮಾ, ನಿಮ್ಮ ಭಯ ಸುಮ್ನೆ ಅಲ್ಲ. ಎರಡನೇ ಅಲೆಯಲ್ಲಿ ನಮ್ಮ ಆಸ್ಪತ್ರೆಗೆ ಬಂದವರನ್ನು ನಾನೂ ಮರೆತಿಲ್ಲ. ಆದರೆ ಭಯ ಯಾವುದಕ್ಕೆ ಪಡಬೇಕು ಅನ್ನುವುದನ್ನು ಬಿಡಿಸಿ ನೋಡೋಣ.

ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಈ ಜೂನ್, ಜುಲೈನಲ್ಲಿ ನಾಲ್ಕನೇ ಸೆರೋ ಸರ್ವೆ ಮಾಡಿತು. ದೇಶದ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷೆ ಮಾಡಿದರು. 6ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ, 10ರಿಂದ 17ರವರಲ್ಲಿ ನೂರಕ್ಕೆ 61 ಮಂದಿಗಿಂತ ಜಾಸ್ತಿ ಜನಕ್ಕೆ ಪ್ರತಿಕಾಯ ಸಿಕ್ಕಿತು. ಅಂದರೆ ಶಾಲೆ ಮುಚ್ಚಿದ್ದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ಮನೆಗೆ ತಂದವರು ದೊಡ್ಡವರು. ಶಾಲೆ ಮುಚ್ಚಿದರೆ ಮಗು ಸೋಂಕಿನಿಂದ ದೂರ ಇರುತ್ತದೆ ಅನ್ನುವುದು ನಾವು ಅಂದುಕೊಂಡಷ್ಟು ನಿಜ ಆಗಲಿಲ್ಲ.

ಆ ಸರ್ವೆ ಬಂದಾಗಲೇ ಐಸಿಎಂಆರ್ ಮುಖ್ಯಸ್ಥರಾದ ಡಾ. ಬಲರಾಂ ಭಾರ್ಗವ ಅವರು, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಒಳ್ಳೆಯದು ಅಂದಿದ್ದರು. ವೈರಸ್ ಹಿಡಿದುಕೊಳ್ಳುವ ಎಸಿಇ-2 ಗ್ರಾಹಕಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಅನ್ನುವುದು ಅವರು ಕೊಟ್ಟ ಒಂದು ಕಾರಣ. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳ ಶಾಲೆ ತೆರೆಯಿತು, ದೊಡ್ಡ ಮಕ್ಕಳದ್ದು ಆಮೇಲೆ. ನಾವು ತಿರುಗುಮುರುಗು ಮಾಡಿದೆವು. ಪರೀಕ್ಷೆ ಇರುವವರಿಗೆ ಮೊದಲು, ಅಕ್ಷರ ಕಲಿಯುವವರಿಗೆ ಕೊನೆಗೆ.

ಮಕ್ಕಳಿಗೆ ಏನೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಬಹಳ ಅಪರೂಪಕ್ಕೆ, ಸೋಂಕು ಬಂದು ಎರಡರಿಂದ ಆರು ವಾರದ ಮೇಲೆ ಕೆಲವು ಮಕ್ಕಳಿಗೆ ಮಿಸ್-ಸಿ ಅನ್ನುವ ತೊಂದರೆ ಬರುತ್ತದೆ. ಬಿಡದ ಜ್ವರ, ಕಣ್ಣು ಕೆಂಪು, ಮೈಮೇಲೆ ಗಂಧೆ, ಹೊಟ್ಟೆನೋವು. ಇವು ಒಟ್ಟಿಗೆ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಕರೆದುಕೊಂಡು ಬನ್ನಿ.

ನಿಮ್ಮ ಅತ್ತೆಯವರಿಗೆ ಎರಡೂ ಡೋಸ್ ಆಗಿದೆಯಾ? ಮಗಳ ಲಸಿಕೆಗೆ ಕಾಯುವುದಕ್ಕಿಂತ ಅದನ್ನು ಮೊದಲು ನೋಡಿ. ನಿಮ್ಮ ಮನೆಗೆ ಅತಿ ದೊಡ್ಡ ರಕ್ಷಣೆ ಅದೇ.

ಇಬ್ಬರು ಮಕ್ಕಳ ಅಮ್ಮ (ಬೆಂಗಳೂರು)
8 ಅಕ್ಟೋಬರ್

ಅತ್ತೆಗೆ ಒಂದು ಡೋಸ್ ಆಗಿದೆ ಸರ್. ಎರಡನೆಯದಕ್ಕೆ ಜ್ವರ ಬರುತ್ತದೆ ಅಂತ ಮುಂದೆ ಹಾಕುತ್ತಿದ್ದಾರೆ. ಈ ವಾರ ನಾನೇ ಕರೆದುಕೊಂಡು ಹೋಗುತ್ತೇನೆ.

ಎಸ್‌ಡಿಎಂಸಿ ಸದಸ್ಯ (ರಾಯಚೂರು ಜಿಲ್ಲೆ)
8 ಅಕ್ಟೋಬರ್

ನಾನು ನಮ್ಮೂರ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದೇನೆ. ನಮ್ಮ ಕಡೆಯ ಮಾತು ಹೇಳುತ್ತೇನೆ ನೋಡ್ರಿ. ಬೆಂಗಳೂರಿನ ಅಕ್ಕನವರು ಕಾಯಬಹುದು. ನಮ್ಮೂರ ಮಕ್ಕಳು ಕಾಯುತ್ತಾ ಮನೆಯಲ್ಲಿ ಕೂತಿಲ್ಲ. ಹತ್ತಿ ಬಿಡಿಸೋಕೆ ಹೋಗುತ್ತಿದ್ದಾರೆ. ಹತ್ತಿ ಹೊಲದಲ್ಲಿ ಕೂಲಿ ಸಿಗುತ್ತದೆ, ತಾಯಿ ಜೊತೆ ಮಗಳೂ ಹೋಗುತ್ತಾಳೆ. ಮೂರನೇ ತರಗತಿಯ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಬದುವಿನಲ್ಲಿ ನಿಂತಿರುತ್ತಾಳೆ. ಅವಳಿಗೆ ಆನ್‌ಲೈನ್ ಅಂದರೆ ಏನು ಅಂತ ಹೇಳಬೇಕು? ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ.

ದೊಡ್ಡ ಹುಡುಗಿಯರದ್ದು ಇನ್ನೂ ಕಷ್ಟ. ಶಾಲೆ ಇದ್ದಾಗ "ಪರೀಕ್ಷೆ ಐತಿ" ಅಂತ ಹೇಳಿ ಮದುವೆ ಮುಂದೂಡುತ್ತಿದ್ದರು. ಶಾಲೆ ಇಲ್ಲ ಅಂದ ಮೇಲೆ ಆ ಮಾತೂ ಇಲ್ಲ.

ಊಟದ್ದು ಹೇಳಲೇಬೇಕು. ಅಕ್ಕಿ, ಬೇಳೆ ಮನೆಗೆ ಕೊಟ್ಟರು, ಇಲ್ಲ ಅನ್ನುವುದಿಲ್ಲ. ಆದರೆ ಮನೆಗೆ ಬಂದ ಅಕ್ಕಿ ಮನೆಯವರಿಗೆಲ್ಲ ಹಂಚಿಹೋಗುತ್ತದೆ. ಬಿಸಿಯೂಟ ಮಗುವಿನ ತಟ್ಟೆಗೇ ಬೀಳುತ್ತಿತ್ತು. ಬೆಳಗ್ಗೆ ಕ್ಷೀರಭಾಗ್ಯದ ಬಿಸಿ ಹಾಲು ಇತ್ತು. ಶಾಲೆ ತೆರೆಯುವಾಗ ಅಡುಗೆಮನೆಯನ್ನೂ ತೆರೆಯಬೇಕು. ಅರ್ಧ ದಿನ ಪಾಠ ಮಾಡಿ ಹಸಿದು ಮನೆಗೆ ಕಳಿಸುವುದಾದರೆ ನಮ್ಮ ಮಕ್ಕಳು ಹೊಲದಿಂದ ವಾಪಸ್ ಬರುವುದಿಲ್ಲ.

ಸಿವಿಲ್ ಇಂಜಿನಿಯರ್ (ಮೈಸೂರು)
9 ಅಕ್ಟೋಬರ್

ಟೀಚರ್ ಕಿಟಕಿಯ ಮಾತೆತ್ತಿದ್ದಕ್ಕೆ ಖುಷಿಯಾಯಿತು. ಕೊರೊನಾ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದ ಹರಡುತ್ತದೆ ಅನ್ನುವುದು ಈಗ ಎಲ್ಲರೂ ಒಪ್ಪಿದ ಮಾತು. ಆದರೂ ನಮ್ಮ ಶಾಲೆಗಳಲ್ಲಿ ಬೆಂಚಿಗೆ ಔಷಧ ಹೊಡೆಯುತ್ತಾರೆ, ಗೇಟಿನಲ್ಲಿ ಹಣೆಗೆ ಜ್ವರ ನೋಡುವ ಗನ್ ಹಿಡಿಯುತ್ತಾರೆ. ಆಮೇಲೆ ಧೂಳು ಬರುತ್ತದೆ ಅಂತ ಕಿಟಕಿ ಮುಚ್ಚಿ ಪಾಠ ಮಾಡುತ್ತಾರೆ.

ಜೆರುಸಲೇಮಿನ ಒಂದು ಹೈಸ್ಕೂಲಿನ ಕಥೆ ಹೇಳುತ್ತೇನೆ. 2020ರ ಮೇ ತಿಂಗಳಲ್ಲಿ ಅಲ್ಲಿ ಶಾಲೆ ತೆರೆದರು. ತೆರೆದ ಕೂಡಲೇ ಬಿಸಿಗಾಳಿ ಶುರುವಾಯಿತು. ಸೆಖೆ ತಡೆಯಲಾಗದೆ ಮಕ್ಕಳಿಗೆ ಮಾಸ್ಕ್ ಬೇಡ ಅಂದರು, ಏಸಿ ಇಡೀ ದಿನ ಓಡಿತು. ತುಂಬಿದ ತರಗತಿಗಳು. ಹತ್ತೇ ದಿನದಲ್ಲಿ ಸೋಂಕು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿದಾಗ 153 ಮಕ್ಕಳು, 25 ಸಿಬ್ಬಂದಿಗೆ ಬಂದಿತ್ತು. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದ್ದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಬೆಂಗಳೂರಿನ ಏಸಿ ಶಾಲೆಗಳ ಪೋಷಕರು ಇದನ್ನು ಕೇಳಬೇಕು.

ತರಗತಿಯಲ್ಲಿ ಗಂಟೆಗೆ ನಾಲ್ಕರಿಂದ ಆರು ಸಲ ಗಾಳಿ ಪೂರ್ತಿ ಬದಲಾಗಬೇಕು ಅಂತ ತಜ್ಞರು ಹೇಳುತ್ತಾರೆ. ಇಂಗಾಲದ ಡೈಆಕ್ಸೈಡ್ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ. ಹೊರಗೆ ಅದು 400 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು) ಆಸುಪಾಸು ತೋರಿಸುತ್ತದೆ. ಮಕ್ಕಳು ಕೂತ ಕೋಣೆಯಲ್ಲಿ 800ರ ಒಳಗಿದ್ದರೆ ಗಾಳಿ ಚೆನ್ನಾಗಿದೆ. ಸಾವಿರ ದಾಟಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದಾರೆ ಅಂತ ಅರ್ಥ.

ಮೀಟರ್ ಇಲ್ಲದಿದ್ದರೆ ಊದಿನಕಡ್ಡಿ ಸಾಕು. ಮಕ್ಕಳು ಇಲ್ಲದಾಗ ಕೋಣೆಯ ಮೂಲೆಯಲ್ಲಿ ನಾಲ್ಕು ಕಡ್ಡಿ ಹಚ್ಚಿ. ಹೊಗೆ ಯಾವ ಕಡೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಹೊಗೆ ಹೋಗದ ಜಾಗದಲ್ಲಿ ಉಸಿರೂ ಹೋಗುವುದಿಲ್ಲ.

ನಲಿಕಲಿ ಟೀಚರ್ (ಹಾವೇರಿ ಜಿಲ್ಲೆ)
11 ಅಕ್ಟೋಬರ್

ಸರ್, ನೀವು ಹೇಳಿದ ಹಾಗೆಯೇ ಮಾಡಿ ನೋಡಿದೆವು. ಹೆಡ್ ಮೇಷ್ಟ್ರು, ನಾನು, ಅಡುಗೆಯವರು ಮೂರು ಜನ ಸೇರಿ.

ನಮ್ಮ ಕೋಣೆಯಲ್ಲಿ ಮುಂದಿನ ಕಡೆ ಎರಡು ಕಿಟಕಿ, ಹಿಂದೆ ಎರಡು. ಮುಂದಿನವು ತೆರೆದಿರುತ್ತವೆ. ಹಿಂದಿನ ಒಂದು ಕಿಟಕಿಗೆ ಅಡ್ಡಲಾಗಿ ಹಳೆಯ ಪಠ್ಯಪುಸ್ತಕದ ಬೀರು ಇದೆ. ಇನ್ನೊಂದರ ಹಿಂದೆ ಪಕ್ಕದವರ ಕೊಟ್ಟಿಗೆ, ಅದಕ್ಕೆ ಯಾವತ್ತೋ ಮೊಳೆ ಹೊಡೆದುಬಿಟ್ಟಿದ್ದಾರೆ. ಕಡ್ಡಿ ಹಚ್ಚಿದೆವು. ಮುಂದಿನ ಕಿಟಕಿಯ ಹತ್ತಿರದ ಹೊಗೆ ಹೊರಗೆ ಹೋಯಿತು. ಹಿಂದಿನ ಅರ್ಧ ಕೋಣೆಯಲ್ಲಿ ಮಾತ್ರ ಹಾಗೇ ನಿಂತಿತು, ಮಕ್ಕಳು ಕೂತರೆ ಅವರ ತಲೆ ಬರುವ ಎತ್ತರಕ್ಕೆ. ಫ್ಯಾನ್ ಹಾಕಿದೆವು. ಹೊಗೆ ಕೋಣೆಯೆಲ್ಲ ಹರಡಿತೇ ಹೊರತು ಹೊರಗೆ ಹೋಗಲಿಲ್ಲ. ನಮ್ಮ ತಟ್ಟೆಗಳಲ್ಲಿ ಎರಡು ಇರುವುದು ಅದೇ ಹಿಂದಿನ ಮೂಲೆಯಲ್ಲಿ.

ಬೀರು ಸರಿಸಿದೆವು. ಕೊಟ್ಟಿಗೆಯವರನ್ನು ಕೇಳಿ ಮೊಳೆ ಕಿತ್ತೆವು. ಸೊಳ್ಳೆ, ಸಗಣಿ ವಾಸನೆ ಬರುತ್ತದೆ ಅಂತ ಅವರೇ ಎಚ್ಚರಿಸಿದರು, ಬಂದರೆ ಬರಲಿ ಅಂದೆವು. ಮತ್ತೆ ಕಡ್ಡಿ ಹಚ್ಚಿದಾಗ ಹೊಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ಹೊರಟುಹೋಯಿತು. ಖರ್ಚು ಒಂದು ಪ್ಯಾಕೆಟ್ ಊದಿನಕಡ್ಡಿ, ಒಂದು ಕೊಡತಿ ಪೆಟ್ಟು.

ಎಲ್ಲ ಶಾಲೆಯವರೂ ಇದನ್ನು ಮಾಡಿ ನೋಡಿ ದಯವಿಟ್ಟು. ಶಾಲೆ ತೆರೆದ ಮೇಲಲ್ಲ, ತೆರೆಯುವ ಮುಂಚೆ.

ಮ್ಯೂನಿಕ್ ಕನ್ನಡಿಗ
11 ಅಕ್ಟೋಬರ್

ನನ್ನ ಮಗಳು ಇಲ್ಲಿ ಮೂರನೇ ತರಗತಿ. ಹೋದ ವರ್ಷದ ಚಳಿಗಾಲಕ್ಕೆ ಮುಂಚೆ ಜರ್ಮನಿಯ ಪರಿಸರ ಇಲಾಖೆ ಶಾಲೆಗಳಿಗೆ ಒಂದು ಸರಳ ನಿಯಮ ಹೇಳಿತು: ಪ್ರತಿ 20 ನಿಮಿಷಕ್ಕೊಮ್ಮೆ ಎಲ್ಲ ಕಿಟಕಿ ಪೂರ್ತಿ ತೆರೆಯಬೇಕು, ಮೂರರಿಂದ ಐದು ನಿಮಿಷ. ಹೊರಗೆ ಮಂಜು ಬೀಳುತ್ತಿದ್ದರೂ ಸರಿ. ಮಕ್ಕಳು ಜಾಕೆಟ್ ಹಾಕಿಕೊಂಡೇ ಪಾಠ ಕೇಳುತ್ತಾರೆ. ಇಷ್ಟಾದರೂ ಚಳಿಗಾಲದಲ್ಲಿ ಇಲ್ಲಿಯ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು, ಅದನ್ನೂ ಹೇಳಬೇಕು. ಆದರೆ ನಿಮಗೆ ಚಳಿಯ ಕಾಟ ಇಲ್ಲ. ವರ್ಷದಲ್ಲಿ ಬಹುಪಾಲು ದಿನ ಕಿಟಕಿ, ಬಾಗಿಲು ತೆರೆದಿಡಬಹುದು. ಮರದ ಕೆಳಗೂ ಕೂರಿಸಬಹುದು. ನನ್ನ ಹಾಸನದ ಶಾಲೆಯ ಜಗಲಿ ಇಲ್ಲಿದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಖಾಸಗಿ ಶಾಲೆ ಮೇಷ್ಟ್ರು
12 ಅಕ್ಟೋಬರ್

ಎಲ್ಲರೂ ಮಕ್ಕಳ ಬಗ್ಗೆ ಮಾತಾಡುತ್ತಿದ್ದೀರಿ, ಆಗಲೇಬೇಕು. ಕಲಿಸುವವರ ಬಗ್ಗೆಯೂ ಒಂದು ಮಾತು. ನಮ್ಮಂಥ ಸಣ್ಣ ಶಾಲೆಗಳಲ್ಲಿ ಫೀಸು ಬಾರದೆ ಸಂಬಳ ನಿಂತುಹೋಯಿತು. ನನ್ನ ಜೊತೆಯವರು ತರಕಾರಿ ಮಾರಿದರು, ನರೇಗಾ ಕೆಲಸಕ್ಕೆ ಹೋದರು. ಎಷ್ಟೋ ಮಂದಿ ವಾಪಸ್ ಬಂದಿಲ್ಲ. ಈಗ ತರಗತಿಯನ್ನು ಎರಡು ತಂಡ ಮಾಡಿ ಅಂತಾರೆ. ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ, ರಾತ್ರಿ ಬಾರದವರಿಗೆ ಆನ್‌ಲೈನ್. ಒಬ್ಬನೇ ಮೇಷ್ಟ್ರು ಮೂರು ಸಲ ಅದೇ ಪಾಠ ಮಾಡಬೇಕು. ಇದು ಬಹಳ ದಿನ ನಡೆಯುವುದಿಲ್ಲ.

ಚಿಕ್ಕ ಮಕ್ಕಳಿಗಾದರೂ ಆನ್‌ಲೈನ್ ಕೈಬಿಡಿ ಅನ್ನುವುದು ನನ್ನ ಕೋರಿಕೆ. ಒಂದನೇ ತರಗತಿಯ ಮಗು ಪರದೆ ನೋಡಿ ಕೈಬರಹ ಕಲಿಯುವುದಿಲ್ಲ. ಕಲಿತಿದ್ದರೆ ಪಕ್ಕದಲ್ಲಿ ಕೂತ ಅಮ್ಮ ಕಲಿಸಿದ್ದಾರೆ.

ಇಬ್ಬರು ಮಕ್ಕಳ ಅಮ್ಮ (ಬೆಂಗಳೂರು)
12 ಅಕ್ಟೋಬರ್

ಮೇಷ್ಟ್ರೇ, ಆ ಅಮ್ಮ ನಾನೇ. ನೀವು ಹೇಳಿದ್ದು ನಿಜ. ಆದರೆ ಮನೆಯಲ್ಲಿ ಕ್ಯಾನ್ಸರ್ ಇರುವವರು, ಕಿಡ್ನಿ ತೊಂದರೆ ಇರುವವರು ಇದ್ದರೆ ಅವರ ಮಕ್ಕಳಿಗೆ ಏನು ಮಾಡುತ್ತೀರಿ? ಪೂರ್ತಿ ಕೈಬಿಡಬೇಡಿ. ವಾರಕ್ಕೊಮ್ಮೆ ಫೋನ್ ಮಾಡಿ, ಅಭ್ಯಾಸದ ಹಾಳೆ ಕಳಿಸಿದರೂ ಸಾಕು.

ಖಾಸಗಿ ಶಾಲೆ ಮೇಷ್ಟ್ರು
12 ಅಕ್ಟೋಬರ್

ಅದು ಆಗುತ್ತದೆ ಮೇಡಂ. ಹಾಳೆ ಕೊಡುವುದು, ಫೋನ್ ಮಾಡುವುದು ಕಷ್ಟವಲ್ಲ. ದಿನಾ ಲೈವ್ ಕ್ಲಾಸ್ ಬೇಡ ಅಂದೆ ಅಷ್ಟೇ.

ಆಟೋದಲ್ಲಿ ಮಕ್ಕಳನ್ನು ಕಳಿಸುವ ಅಪ್ಪ (ಹುಬ್ಬಳ್ಳಿ)
13 ಅಕ್ಟೋಬರ್

ತರಗತಿಯಲ್ಲಿ ಒಂದು ಬೆಂಚಿಗೆ ಒಬ್ಬರು ಅಂತ ಕೂರಿಸಿ, ಮನೆಗೆ ಹೋಗುವಾಗ ಒಂದು ಆಟೋದಲ್ಲಿ ಒಂದರ ಮೇಲೊಂದು ಕೂರಿಸಿದರೆ ಏನು ಉಪಯೋಗ? ನಮ್ಮ ಕಡೆ ಈಗಲೇ ಹೈಸ್ಕೂಲು ಮಕ್ಕಳ ವ್ಯಾನ್ ಕಿಟಕಿ ಮುಚ್ಚಿಕೊಂಡು ಓಡಾಡುತ್ತಿದೆ. ಡೀಸೆಲ್ ದರ ಏರಿದೆ, ಮಕ್ಕಳನ್ನು ಕಡಿಮೆ ಮಾಡಿದರೆ ತನಗೆ ಗಿಟ್ಟುವುದಿಲ್ಲ ಅಂತ ಡ್ರೈವರ್ ಹೇಳುತ್ತಾರೆ. ಅವರ ಮಾತೂ ಸುಳ್ಳಲ್ಲ. ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ, ಮಕ್ಕಳು ಕಡಿಮೆ ಇರಲಿ, ಎರಡೂ ಕಡೆಯ ಪರದೆ ಸುತ್ತಿಡಿ ಅಂತ ಮಾತಾಡಿಕೊಂಡಿದ್ದೇವೆ. ಹತ್ತಿರದ ಶಾಲೆಯವರು ನಡೆಸಿಕೊಂಡೇ ಹೋಗಿ, ಅದಕ್ಕಿಂತ ಒಳ್ಳೆಯದಿಲ್ಲ.

ಪಿಎಚ್‌ಸಿ ಡಾಕ್ಟರ್
14 ಅಕ್ಟೋಬರ್

ಕಿಟಕಿ ಒಂದರಿಂದಲೇ ಎಲ್ಲ ಆಗುತ್ತದೆ ಅಂತ ಯಾರೂ ತಿಳಿಯಬಾರದು. ಅದಕ್ಕೆ ಇನ್ನೊಂದು ಘಟನೆ ಹೇಳುತ್ತೇನೆ. ಈ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ಪ್ರಾಥಮಿಕ ಶಾಲೆ. ಕಿಟಕಿ, ಬಾಗಿಲು ತೆರೆದಿದ್ದವು. ಗಾಳಿ ಸೋಸುವ ಯಂತ್ರವೂ ಇತ್ತು. ಮಕ್ಕಳೆಲ್ಲ ಮಾಸ್ಕ್ ಹಾಕಿದ್ದರು. ಶಿಕ್ಷಕರೊಬ್ಬರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಮೂಗು ಕಟ್ಟಿತ್ತು, ಅಲರ್ಜಿ ಇರಬೇಕು ಅಂದುಕೊಂಡು ಎರಡು ದಿನ ಶಾಲೆಗೆ ಬಂದರು. ಮಾಸ್ಕ್ ತೆಗೆದು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದರು. 24 ಮಕ್ಕಳ ಆ ತರಗತಿಯಲ್ಲಿ 12 ಮಕ್ಕಳಿಗೆ ಸೋಂಕು ಬಂತು. ಹೆಚ್ಚಿನವರು ಮೊದಲ ಎರಡು ಸಾಲಿನವರು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಟೀಚರ್‌ಗಳ, ಅಡುಗೆಯವರ, ವ್ಯಾನ್ ಡ್ರೈವರುಗಳ ಎರಡು ಡೋಸಿಗೆ. ನೆಗಡಿ, ಜ್ವರ, ಗಂಟಲು ನೋವು ಇದ್ದರೆ ದೊಡ್ಡವರಾಗಲಿ ಮಕ್ಕಳಾಗಲಿ ಮನೆಯಲ್ಲಿರಬೇಕು. ಅದಕ್ಕೆ ಶಾಲೆ ಒಂದು ಉಪಕಾರ ಮಾಡಬೇಕು: ಹಾಜರಾತಿ ಬಹುಮಾನ, ಗೈರಿಗೆ ಬೈಗುಳ ಎರಡನ್ನೂ ಈ ವರ್ಷ ನಿಲ್ಲಿಸಬೇಕು. "ಜ್ವರ ಇದ್ರೂ ಬಂದ, ಎಷ್ಟು ಶಿಸ್ತು" ಅಂತ ಹೊಗಳುವ ಕಾಲ ಅಲ್ಲ ಇದು.

ಮಾಸ್ಕ್ ಬಗ್ಗೆ: ಐದು ವರ್ಷದೊಳಗಿನವರಿಗೆ ಬೇಡ ಅಂತ ಕೇಂದ್ರದ ಸೂಚನೆಯೇ ಇದೆ. ಆರರಿಂದ ಹನ್ನೊಂದು ವರ್ಷದವರು ದೊಡ್ಡವರ ನಿಗಾ ಇದ್ದರೆ ಹಾಕಬಹುದು. ಆಟ ಆಡುವಾಗ, ಬಯಲಲ್ಲಿದ್ದಾಗ ತೆಗೆಯಲಿ, ತೊಂದರೆ ಇಲ್ಲ. ಹಣೆಗೆ ಹಿಡಿಯುವ ಗನ್ ಮೇಲೆ ಜಾಸ್ತಿ ನಂಬಿಕೆ ಬೇಡ. ಲಕ್ಷಣ ಇಲ್ಲದವರನ್ನು ಅದು ಹಿಡಿಯುವುದಿಲ್ಲ.

ಒಂದು ಕೇಸ್ ಬಂತು ಅಂತ ಇಡೀ ಶಾಲೆ ಮುಚ್ಚುವುದೂ ಬೇಡ. ಮಕ್ಕಳನ್ನು ಚಿಕ್ಕ ಗುಂಪು ಮಾಡಿ, ಅದೇ ಗುಂಪು ಒಟ್ಟಿಗೆ ಕೂರಲಿ, ಒಟ್ಟಿಗೆ ಉಣ್ಣಲಿ, ಒಟ್ಟಿಗೆ ಆಡಲಿ. ಕೇಸ್ ಬಂದರೆ ಆ ಗುಂಪನ್ನು ಮಾತ್ರ ಮನೆಗೆ ಕಳಿಸಿ ಪರೀಕ್ಷೆ ಮಾಡಿ. ಬಂದ ಮಗುವಿನ ಹೆಸರು ವಾಟ್ಸಾಪಿನಲ್ಲಿ ಓಡಾಡಬಾರದು. ಅದು ಓಡಾಡಿದರೆ ಮುಂದಿನ ಮನೆಯವರು ಪರೀಕ್ಷೆಯನ್ನೇ ಮಾಡಿಸುವುದಿಲ್ಲ.

ಎಸ್‌ಡಿಎಂಸಿ ಸದಸ್ಯ (ರಾಯಚೂರು ಜಿಲ್ಲೆ)
14 ಅಕ್ಟೋಬರ್

ಡಾಕ್ಟ್ರೇ, ಊಟದ ಹೊತ್ತಿಗೆ ಏನು ಮಾಡಬೇಕು? ಆಗ ಮಾಸ್ಕ್ ಹಾಕೋಕೆ ಆಗಲ್ಲ.

ಪಿಎಚ್‌ಸಿ ಡಾಕ್ಟರ್
14 ಅಕ್ಟೋಬರ್

ಹೊರಗೆ ಉಣ್ಣಿಸಿ ಅಣ್ಣಾ. ಜಗಲಿ, ಮರದ ನೆರಳು, ಎಲ್ಲಾದರೂ ಸರಿ. ಒಂದು ಗುಂಪು ಉಂಡು ಎದ್ದ ಮೇಲೆ ಇನ್ನೊಂದು. ಬಡಿಸುವ ಅಮ್ಮಂದಿರು ಮಾಸ್ಕ್ ಹಾಕಲಿ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈತೊಳೆಯುವುದು ಕೊರೊನಾ ಇಲ್ಲದಿದ್ದರೂ ಬೇಕು. ನಲ್ಲಿಯಲ್ಲಿ ನೀರು ಬರುತ್ತದೆಯಾ ಅಂತ ಮೊದಲು ನೋಡಿ. ಇಷ್ಟು ದಿನ ಮುಚ್ಚಿದ್ದ ಶಾಲೆಗಳಲ್ಲಿ ಟ್ಯಾಂಕ್ ತೊಳೆಯದೆ ನೀರು ಬಿಡಬೇಡಿ.

ನಲಿಕಲಿ ಟೀಚರ್ (ಹಾವೇರಿ ಜಿಲ್ಲೆ)
20 ಅಕ್ಟೋಬರ್

ಆದೇಶ ಬಂತು. ಅಕ್ಟೋಬರ್ 25ಕ್ಕೆ ಒಂದರಿಂದ ಐದು ಶುರು. ಮೊದಲ ವಾರ ಅರ್ಧ ದಿನ, ನವೆಂಬರ್ 2ರಿಂದ ಪೂರ್ತಿ ದಿನ. ಪೋಷಕರ ಒಪ್ಪಿಗೆ ಪತ್ರ ಬೇಕು.

ಒಪ್ಪಿಗೆ ಪತ್ರದ ಬಗ್ಗೆ ಅಮ್ಮ ಮೊದಲೇ ಕೇಳಿದ್ದರು. ನಾವು ಪತ್ರವನ್ನು ಮಕ್ಕಳ ಕೈಯಲ್ಲಿ ಕಳಿಸುತ್ತಿಲ್ಲ. ಮನೆಮನೆಗೆ ನಾವೇ ಹೋಗಿ, ಕೋಣೆಯಲ್ಲಿ ಏನೇನು ಮಾಡಿದ್ದೇವೆ ಅಂತ ಹೇಳಿ, ಮನೆಯಲ್ಲಿ ಯಾರಿಗೆ ಲಸಿಕೆ ಆಗಿಲ್ಲ ಅಂತ ಕೇಳಿ, ಆಮೇಲೆ ಸಹಿ ಕೇಳುತ್ತಿದ್ದೇವೆ. ಆಶಾ ಕಾರ್ಯಕರ್ತೆಯೂ ಜೊತೆಗೆ ಬರುತ್ತಾರೆ. ಒಂದು ಮನೆಯಲ್ಲಿ ಅಜ್ಜ ಲಸಿಕೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದರು. ಮೊಮ್ಮಗಳು ಶಾಲೆಗೆ ಹೋಗಬೇಕು ಅಂತ ಅತ್ತಳು. ಮಾರನೇ ದಿನ ಅಜ್ಜ ಬಂದು ಚುಚ್ಚಿಸಿಕೊಂಡರು.

ಸಹಿ ಪಡೆದ ಮೇಲೂ ಜವಾಬ್ದಾರಿ ನಮ್ಮದೇ. ಅದನ್ನು ಅವರ ಮುಂದೆಯೇ ಹೇಳುತ್ತಿದ್ದೇವೆ.

ನಲಿಕಲಿ ಟೀಚರ್ (ಹಾವೇರಿ ಜಿಲ್ಲೆ)
12 ನವೆಂಬರ್

ಶುರುವಾದ ಮೇಲೆ ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ಮಕ್ಕಳು ಬಂದಿದ್ದಾರೆ. ಖಾಸಗಿ ಶಾಲೆ ಬಿಟ್ಟು ನಮ್ಮಲ್ಲಿಗೆ ಸೇರಿದವರೂ ಇದ್ದಾರೆ, ಹಾಗಾಗಿ ಕೋಣೆ ತುಂಬಿದೆ. ಒಂದು ಗುಂಪು ಒಳಗೆ, ಒಂದು ಗುಂಪು ಜಗಲಿಯಲ್ಲಿ, ಮಧ್ಯಾಹ್ನ ಅದಲುಬದಲು. ತಟ್ಟೆ ಸುತ್ತ ಮುಖಾಮುಖಿ ಕೂರುವ ಬದಲು ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತೇನೆ. ನಲಿಕಲಿ ಕೋಣೆಯಲ್ಲಿ ಸುತ್ತಲೂ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಇರುತ್ತದೆ, ಅದು ಈಗ ಬಹಳ ಉಪಯೋಗಕ್ಕೆ ಬಂದಿದೆ. ಪ್ರತಿ ಮಗುವಿಗೂ ತನ್ನದೇ ಜಾಗ.

ಪಾಠ? ಪುಸ್ತಕ ಮುಟ್ಟಿಲ್ಲ. ಮೂರೂ ತರಗತಿಗೆ ಮೊದಲಿನಿಂದ ಹೇಳಿಕೊಡುತ್ತಿದ್ದೇನೆ. ಎರಡನೇ ತರಗತಿಯ ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದು, ತಮ್ಮ ಸರದಿ ಕಾಯುವುದು, ಹೆಸರು ಕರೆದಾಗ ಓಗೊಡುವುದು ಕೂಡ ಹೊಸದು. ಒಬ್ಬಳು ಮೊದಲ ಎರಡು ದಿನ ಬಾಯೇ ಬಿಡಲಿಲ್ಲ. ಮೂರನೇ ದಿನ ಜಗಲಿಯಲ್ಲಿ ಕಲ್ಲು ಜೋಡಿಸಿ ಎಣಿಸುವಾಗ ಪಕ್ಕದ ಹುಡುಗ ತಪ್ಪು ಹೇಳಿದ. ಇವಳು ತಟ್ಟನೆ ತಿದ್ದಿದಳು. ಆಮೇಲೆ ಅವಳ ಬಾಯಿ ನಿಂತಿಲ್ಲ.

ಮೇಲಿನಿಂದ ಪಠ್ಯ ಮುಗಿಸಿ ಅನ್ನುವ ಒತ್ತಡ ಬಂದರೆ ಎಲ್ಲ ಶಿಕ್ಷಕರೂ ಒಟ್ಟಿಗೆ ಬೇಡ ಅನ್ನಬೇಕು. ಓದಲು ಬಾರದ ಮಗುವಿಗೆ ಮೂರನೇ ತರಗತಿಯ ಪರಿಸರ ಅಧ್ಯಯನ ಓದಿಸಿ ಏನು ಬಂತು?

ಒಬ್ಬ ಮಗುವಿನ ಮನೆಯಲ್ಲಿ ಕೇಸ್ ಬಂತು. ಆ ಗುಂಪನ್ನು ಮನೆಯಲ್ಲಿರಿಸಿ ಪರೀಕ್ಷೆ ಮಾಡಿಸಿದೆವು, ಯಾರಿಗೂ ಬಂದಿರಲಿಲ್ಲ. ಶಾಲೆ ನಡೆಯುತ್ತಲೇ ಇತ್ತು.

ಇಬ್ಬರು ಮಕ್ಕಳ ಅಮ್ಮ (ಬೆಂಗಳೂರು)
13 ನವೆಂಬರ್

ಚಿಕ್ಕವಳನ್ನು ಕಳಿಸುತ್ತಿದ್ದೇನೆ. ಕಳಿಸುವ ಮುಂಚೆ ಶಾಲೆಗೆ ಹೋಗಿ ಕೋಣೆ ತೋರಿಸಿ ಅಂತ ಕೇಳಿದೆ. ಮೊದಲು ಬೇಡ ಅಂದರು, ನಾಲ್ಕು ಜನ ಅಮ್ಮಂದಿರು ಹೋದಾಗ ತೋರಿಸಿದರು. ಏಸಿ ಆಫ್ ಮಾಡಿ ಕಿಟಕಿ ತೆಗೆಯಲು ಒಪ್ಪಿದ್ದಾರೆ. ಭಯ ಇನ್ನೂ ಇದೆ. ಅತ್ತೆಗೆ ಎರಡನೇ ಡೋಸ್ ಆಯಿತು.

ಎಸ್‌ಡಿಎಂಸಿ ಸದಸ್ಯ (ರಾಯಚೂರು ಜಿಲ್ಲೆ)
15 ನವೆಂಬರ್

ನಮ್ಮಲ್ಲಿ ಬಿಸಿಯೂಟ ಶುರುವಾದ ದಿನದಿಂದ ಹಾಜರಾತಿ ಏರಿದೆ. ಹೊಲಕ್ಕೆ ಹೋಗುವ ಮಕ್ಕಳ ಮನೆಗಳ ಪಟ್ಟಿ ಮಾಡಿ ದಿನಾ ಬೆಳಗ್ಗೆ ಇಬ್ಬರು ಹೋಗಿ ಕರೆಯುತ್ತೇವೆ. ಕೆಲವರು ಇನ್ನೂ ಬಂದಿಲ್ಲ, ಬಿಡುವುದಿಲ್ಲ.

ಇಂಜಿನಿಯರ್ ಸಾಹೇಬರಿಗೆ ಒಂದು ಪ್ರಶ್ನೆ. ನಮ್ಮ ಎರಡು ಕೋಣೆಗೆ ಹಿಂದಿನ ಕಡೆ ಕಿಟಕಿಯೇ ಇಲ್ಲ, ಬರೀ ಗೋಡೆ. ಗೋಡೆ ಒಡೆಯಲು ದುಡ್ಡಿಲ್ಲ. ಏನು ಮಾಡೋದು?

ಸಿವಿಲ್ ಇಂಜಿನಿಯರ್ (ಮೈಸೂರು)
15 ನವೆಂಬರ್

ಗೋಡೆಯ ಮೇಲ್ಭಾಗದಲ್ಲಿ, ಛಾವಣಿಯ ಕೆಳಗೆ, ಒಂದೆರಡು ಇಟ್ಟಿಗೆ ತೆಗೆದು ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಮುಂದಿನ ಕಿಟಕಿಯಿಂದ ಹೊಸ ಗಾಳಿ ಒಳಗೆ ಬರಬೇಕು, ಫ್ಯಾನ್ ಹಳೆಯದನ್ನು ಹೊರಗೆ ದಬ್ಬಬೇಕು. ತೊಲೆ, ಲಿಂಟಲ್ ಮುಟ್ಟಬೇಡಿ, ಪಂಚಾಯಿತಿಯ ಇಂಜಿನಿಯರಿಗೆ ತೋರಿಸಿ ಜಾಗ ಗುರುತು ಮಾಡಿಸಿ. ಕರೆಂಟ್ ಹೋದಾಗ ಮಕ್ಕಳನ್ನು ಜಗಲಿಗೆ ಕರೆತನ್ನಿ. ಫ್ಯಾನ್ ಕೂರಿಸಿದ ಮೇಲೆ ಊದಿನಕಡ್ಡಿ ಹಚ್ಚಿ ನೋಡಿ, ಫೋಟೋ ಇಲ್ಲಿ ಹಾಕಿ. ಇನ್ನೂ ಹೊಗೆ ನಿಲ್ಲುತ್ತಿದ್ದರೆ ಇನ್ನೊಂದು ತೂತು ಎಲ್ಲಿ ಮಾಡಬೇಕು ಅಂತ ಹೇಳುತ್ತೇನೆ.